ಪಾರವ್ವ ಹೇಳದ ಹೆಸರು

ಮರೆಗುಳಿತನಕ್ಕೆ ಔಷಧ ಹುಡುಕಿ ಹುಡುಕಿ ಸುಸ್ತಾದ ವೈದ್ಯರು ಕೊನೆಗೆ ಆ ಹಟ ಬಿಟ್ಟು ಒಂದು ಮಣಿ ಮಾಡಿದರು. ಜೋಳದ ಕಾಳಿಗಿಂತ ತುಸು ದೊಡ್ಡದು. ಕಿವಿಯ ಹಿಂದೆ ಚರ್ಮಕ್ಕೆ ಅಂಟಿಕೊಂಡು ಕೂರುತ್ತದೆ. ಮಿದುಳನ್ನು ರಿಪೇರಿ ಮಾಡುವ ಗೊಡವೆಗೆ ಅದು ಹೋಗುವುದಿಲ್ಲ. ನೆನಪು ಇನ್ನೂ ಗಟ್ಟಿಯಾಗಿರುವಾಗ ನೀವು ಹೇಳಿಕೊಂಡದ್ದನ್ನೆಲ್ಲ ಕೇಳಿಸಿಕೊಂಡು ಜೋಪಾನ ಮಾಡುತ್ತದೆ. ಮುಂದೊಂದು ದಿನ ನೆನಪು ಕೈಕೊಟ್ಟು ನೀವು ಕಂಗಾಲಾಗಿ ನಿಂತಾಗ, ಅದನ್ನೇ ನಿಮ್ಮದೇ ದನಿಯಲ್ಲಿ ಕಿವಿಗೆ ಉಸುರುತ್ತದೆ. "ಇಕಿ ನಿನ್ನ ಮಗಳು. ಚಹಾಕ್ಕ ಸಕ್ಕರಿ ಜಾಸ್ತಿ ಹಾಕತಾಳ, ಬೈಬ್ಯಾಡ" ಎನ್ನುವಷ್ಟು ವಿವರವಾಗಿ. ಮಂದಿ ಹೇಳಿದರೆ ಅನುಮಾನಪಡುವ ಮುದುಕರೂ ತಮ್ಮ ದನಿಯಲ್ಲೇ ಬಂದ ಮಾತನ್ನು ನಂಬುತ್ತಾರೆ.

ಸರ್ಕಾರಿ ಕಾಗದದಲ್ಲಿ ಇದಕ್ಕೆ ಬಾಯಿ ತುಂಬುವಂಥ ಸಂಸ್ಕೃತದ ಹೆಸರಿದೆ. ಗದಗಿನ ಮಂದಿ 'ಮಣಿ' ಅಂತಾರೆ, ಅಷ್ಟೇ.

ಪಾರವ್ವನ ಕಿವಿಯ ಹಿಂದೆಯೂ ಒಂದು ಮಣಿ ಇತ್ತು. ಆಕೆ ನೀಲಾಂಬಿಕಾಳ ಸೋದರತ್ತೆ. ಮಕ್ಕಳಿಲ್ಲದ ಪಾರವ್ವ ಮತ್ತು ಆಕೆಯ ಗಂಡ ಫಕೀರಪ್ಪ ತಮ್ಮನ ಮಗಳನ್ನೇ ಸ್ವಂತ ಮಗಳ ಹಾಗೆ ಎತ್ತಿ ಆಡಿಸಿದವರು. ಫಕೀರಪ್ಪ ಕಪ್ಪತಗುಡ್ಡದ ಗಾಳಿಕಂಬಗಳ ಮೆಕ್ಯಾನಿಕ್, ರೆಕ್ಕೆ ನಿಲ್ಲಿಸಿ ಕಂಬ ಹತ್ತಿ ರಿಪೇರಿ ಮಾಡುತ್ತಿದ್ದವ. ನಿವೃತ್ತನಾದ ಮೇಲೂ ಯಾವುದಾದರೂ ಕಂಬ ಕೀಚಲು ದನಿ ಮಾಡಿದರೆ ಕಂಪನಿಯವರು ಆತನನ್ನೇ ಕರೆಯುತ್ತಿದ್ದರು. ಆತ ತೀರಿಕೊಂಡು ವರ್ಷದ ಮೇಲಾಗಿತ್ತು. ಅಷ್ಟರಲ್ಲಿ ಪಾರವ್ವನ ತಲೆಯೊಳಗಿನಿಂದ ಒಂದೊಂದೇ ಸಂಗತಿ ಜಾರಿ, ಈಗ ನೀಲಾಳ ಮುಖವೂ ಕೆಲವು ದಿನ ಸಿಕ್ಕುತ್ತಿತ್ತು, ಕೆಲವು ದಿನ ಇಲ್ಲ.

ಆದರೂ ಬೆಳಿಗ್ಗೆ ಎದ್ದವಳೇ ಮಾಳಿಗೆ ಹತ್ತುವುದನ್ನು ಮಾತ್ರ ಆಕೆ ಬಿಟ್ಟಿರಲಿಲ್ಲ. ಊರ ಅಂಚಿನ ಮನೆ. ಬಾನು ತಿಳಿಯಾಗಿದ್ದರೆ ದೂರದ ಗುಡ್ಡದ ಸಾಲು, ಅದರ ಮೇಲೆ ಬೆಳ್ಳಗೆ ತಿರುಗುವ ಕಂಬಗಳು ಕಾಣುತ್ತವೆ. ಅಲ್ಲಿ ನಿಂತು ಪಾರವ್ವ ಗಾಬರಿಯಿಂದ ಕೇಳುತ್ತಿದ್ದಳು: "ಎಲ್ಲಿ ಹೋದ್ರವಾ ಅವರು? ಹೇಳದ ಹೋಗ್ಯಾರಲ್ಲ?"

ಆಗ ಮಣಿ ಉಸುರುತ್ತಿತ್ತು. ಆಕೆಯೇ ಹಿಂದೆ ಹೇಳಿಕೊಂಡ ಮಾತು: "ಅವರು ಮ್ಯಾಲ ಹತ್ಯಾರ. ಯಾವ ಕಂಬ ನಿಂತೈತಿ ನೋಡು, ಅದರಾಗ ಅದಾರ. ರೆಕ್ಕಿ ತಿರಗಾಕ ಹತ್ತಿದ ಕೂಡಲೆ ಹಿಟ್ಟು ನಾದು. ರೊಟ್ಟಿ ಆಗೂದ್ರಾಗ ಬರತಾರ."

ಅಷ್ಟೊಂದು ಕಂಬಗಳಲ್ಲಿ ಯಾವುದೋ ಒಂದು ನಿಂತೇ ಇರುತ್ತದಲ್ಲ. ಪಾರವ್ವ ಅದನ್ನು ಹುಡುಕಿ, ಅದರ ಮೇಲೆ ಕಣ್ಣಿಟ್ಟು ನೆಮ್ಮದಿಯಿಂದ ಕೂರುತ್ತಿದ್ದಳು. ಆ ನೆಮ್ಮದಿಯ ಮುಖ ನೋಡಿಯೇ ನೀಲಾ ದಿನಾ ಕೆಲಸಕ್ಕೆ ಹೋಗುವುದು. ಅತ್ತೆಯ ಪಾಲಿಗೆ ಫಕೀರಪ್ಪ ಮಾಮಾ ಉಳಿದಿದ್ದು ಈ ಮಣಿಯಲ್ಲಷ್ಟೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರದೆ ಏನು, ಆ ಮಣಿಗಳೆಲ್ಲದರ ಹಿಂದಿನ ಡೇಟಾಬೇಸಿನಲ್ಲಿ ಕೆಲಸ ಮಾಡುವವಳೇ ಅವಳು.

ಊರಿನ ಹಳೆಯ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ನೆನಪಿನ ಕೇಂದ್ರವಿತ್ತು. ಹಿಂದೆ ಅರಳೆಯಿಂದ ಹತ್ತಿಕಾಳು ಬಿಡಿಸುತ್ತಿದ್ದ ಆ ದೊಡ್ಡ ಹಜಾರದಲ್ಲಿ ಈಗ ಸರ್ವರುಗಳ ಸಾಲು. ಇವುಗಳ ಒಡತಿ ಶಹನಾಜ್ ನದಾಫ್. ಹುದ್ದೆಯಲ್ಲಿ ಒಡತಿಯಲ್ಲ, 'ಹಿರಿಯ ಡೇಟಾಬೇಸ್ ಅಧಿಕಾರಿ'. ಆದರೆ ನಿರ್ದೇಶಕರಾದ ಡಾಕ್ಟರ್ ಮುಳಗುಂದರೂ ಆ ಹಜಾರಕ್ಕೆ ಬರುವಾಗ "ಬರಬಹುದೇನ್ರಿ ಮೇಡಂ?" ಎಂದು ಕೇಳಿಯೇ ಕಾಲಿಡುತ್ತಿದ್ದರು. ಆಕೆಯ ಅಜ್ಜ ಇದೇ ಊರಿನಲ್ಲಿ ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದವರು. "ನಮ್ಮದು ಗಂಟು ಬಿಡಿಸೂ ಮನೆತನ" ಎಂದು ಆಕೆ ನಗುತ್ತಿದ್ದರು. ನೀಲಾಗೆ ಅವರೆಂದರೆ ಭಕ್ತಿಯೇ ಅನ್ನಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಕೂರುವ ರೀತಿ, ಕನ್ನಡಕ ಹಣೆಗೇರಿಸುವ ರೀತಿ ಎಲ್ಲ ಅನುಕರಿಸಿ ಗೆಳತಿಯರಿಂದ ಬೈಸಿಕೊಂಡಿದ್ದಳು.

ಮಣಿಗಳ ವ್ಯವಸ್ಥೆಯೆಲ್ಲ ಒಂದು ವೆಬ್ ಫ್ರೇಮ್‌ವರ್ಕಿನ ಮೇಲೆ ನಿಂತಿತ್ತು. ಫ್ರೇಮ್‌ವರ್ಕ್ ಎಂದರೆ ಬಾಗಿಲು, ಕಿಟಕಿ, ತೊಲೆಗಳನ್ನು ಮೊದಲೇ ಸಿದ್ಧ ಮಾಡಿಟ್ಟ ಚೌಕಟ್ಟು. ನಮ್ಮ ಮನೆ ಹೇಗಿರಬೇಕೆಂದು ನಾವು ಹೇಳಿದರೆ ಸಾಕು, ಜೋಡಣೆ ಅದೇ ಮಾಡುತ್ತದೆ. 'ವ್ಯಕ್ತಿ ಎಂಬುದೊಂದು ಇದೆ, ಅದಕ್ಕೆ ಹೆಸರಿದೆ, ಮುಖವಿದೆ' ಎಂದು ನಾಲ್ಕು ಸಾಲು ಬರೆದರೆ ಡೇಟಾಬೇಸಿನಲ್ಲಿ ವ್ಯಕ್ತಿಗಳ ಟೇಬಲ್ ತಯಾರು. 'ನೆನಪು ಎಂಬುದೊಂದು ಇದೆ, ಅದು ಯಾರೋ ಒಬ್ಬ ವ್ಯಕ್ತಿಗೆ ಸೇರಿದ್ದು' ಎಂದು ಬರೆದರೆ ನೆನಪುಗಳ ಟೇಬಲ್ಲೂ ತಯಾರು, ಪ್ರತಿ ನೆನಪಿನಿಂದ ಒಬ್ಬ ವ್ಯಕ್ತಿಗೆ ಒಂದು ಕೊಂಡಿಯೂ ತಯಾರು. ಶಹನಾಜ್ ಹೊಸಬರಿಗೆ ಇದನ್ನು ಕಲಿಸುವಾಗ ಗೂಟ ಮತ್ತು ದನ ಅನ್ನುತ್ತಿದ್ದರು. ವ್ಯಕ್ತಿ ಗೂಟ, ನೆನಪು ಅದಕ್ಕೆ ಕಟ್ಟಿದ ದನ. ಮುದುಕಿಯೊಬ್ಬಳು "ನಮ್ಮ ಸಾವಂತ್ರಿ ಚಿಕ್ಕಾಕಿದ್ದಾಗ" ಎಂದು ಶುರುಮಾಡಿದರೆ ಆ ಮಾತೆಲ್ಲ ಸಾವಂತ್ರಿಯ ಗೂಟಕ್ಕೆ. ಮುಂದೆ ಸಾವಂತ್ರಿ ಎದುರಿಗೆ ಬಂದಾಗ, ಕಿವಿಯಂಚಿನಿಂದ ಇಣುಕುವ ಮಣಿಯ ಸಾಸಿವೆಯಷ್ಟು ಕಣ್ಣು ಮುಖ ಗುರುತಿಸುತ್ತದೆ, ಕೇಂದ್ರವನ್ನು ಕೇಳುತ್ತದೆ, ಗೂಟ ಸಿಕ್ಕಿದರೆ ದನ ಸಿಕ್ಕಿತು. ಕಣ್ಣು ಮಿಟುಕಿಸುವುದರೊಳಗೆ ಕೆಲಸ ಮುಗಿದಿರುತ್ತದೆ.

ಕೇಂದ್ರದಲ್ಲಿ ಶಹನಾಜ್ ಎರಡು ಪದ್ಧತಿ ಇಟ್ಟಿದ್ದರು. ಟೇಬಲ್ಲುಗಳ ರೂಪ ಬದಲಿಸುವ ಬರಹಕ್ಕೆ ಮೈಗ್ರೇಷನ್ ಅನ್ನುತ್ತಾರೆ. ಅದನ್ನು ಓಡಿಸುವ ಮುಂಚೆ ಬರೆದವರು ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಕೇಳುವವರಲ್ಲಿ ಒಬ್ಬರು ಕೈ ಎತ್ತಿದರೂ ಅವತ್ತು ಅದು ಓಡುವುದಿಲ್ಲ. ಇದಕ್ಕೆ 'ಓದು' ಎಂದು ಹೆಸರು. ಎರಡನೆಯದು 'ಮೊದಲು ನಮ್ಮ ಮನಿ'. ಯಾವ ಬದಲಾವಣೆಯಾದರೂ ಊರಿಗೆ ಬಡಿಸುವ ಹಿಂದಿನ ದಿನ ಕೇಂದ್ರದ ನೌಕರರ ಮನೆಯವರ ಮಣಿಗಳ ಮೇಲೆ ಮಾತ್ರ ಓಡಬೇಕು. ನಿರ್ದೇಶಕರು ಒಮ್ಮೆ ಇದನ್ನು ಆಕ್ಷೇಪಿಸಿದ್ದರು, ನೌಕರರ ಮನೆಯವರೇನು ಪ್ರಯೋಗದ ಇಲಿಗಳೇ ಎಂದು.

"ಮಂದಿ ಮನ್ಯಾಗಿನ ಅಜ್ಜಾರು ಇಲಿಗಳೇನ್ರಿ ಮತ್ತ?" ಎಂದರಂತೆ ಶಹನಾಜ್. "ಅಡಗಿ ಮಾಡಿದಾಕಿ ಮೊದಲು ತಾ ರುಚಿ ನೋಡಬೇಕು. ಉಪ್ಪು ಜಾಸ್ತಿ ಆದ್ರ ತನ್ನ ನಾಲಿಗಿಗೇ ಗೊತ್ತಾಗಬೇಕು."

ಆ ಸಲ ಬಂದದ್ದು ಹೊಸ ಕಾನೂನು. ಸತ್ತವರ ಖಾಸಗಿತನ ಕಾಯಲು, ತೀರಿಕೊಂಡು ವರ್ಷವಾದವರ ದಾಖಲೆಯನ್ನು ಎಲ್ಲ ಕಡೆಯಿಂದ ತೆಗೆಯಬೇಕು. ಅವರ ಹೆಸರು, ಮುಖ, ವಿಳಾಸ ಯಾರ ಕೈಗೂ ಸಿಕ್ಕಬಾರದು. ಒಳ್ಳೆಯ ಕಾನೂನೇ. ಸತ್ತವರ ಮುಖ ಕದ್ದು ಜಾಹೀರಾತು ಮಾಡಿದವರ ಕತೆಗಳು ಆಗ ಬಹಳ ಇದ್ದವು. ಮೈಗ್ರೇಷನ್ ಬರೆಯುವ ಕೆಲಸ ನೀಲಾಳಿಗೆ ಬಂತು.

ಗೂಟ ಕಿತ್ತರೆ ಕಟ್ಟಿದ ದನದ ಗತಿಯೇನು ಎಂದು ಫ್ರೇಮ್‌ವರ್ಕ್ ತಪ್ಪದೆ ಕೇಳುತ್ತದೆ. ದನವೂ ಹೋಗಲಿ ಅನ್ನಬಹುದು, ದನ ಇರುವ ತನಕ ಗೂಟ ಕೀಳಬೇಡ ಅನ್ನಬಹುದು, ಬಿಚ್ಚಿ ಬಿಡು ಅನ್ನಬಹುದು. ನೀಲಾ ಮೊದಲನೆಯದನ್ನು ಬರೆದಳು. ಬರೆದಳು ಎನ್ನುವುದಕ್ಕಿಂತ ಅವಳ ಬೆರಳು ಬರೆಯಿತು. ಕಾಲೇಜಿನಲ್ಲಿ ಕಲಿತ ಮೊದಲ ಪಾಠದಿಂದ ಇಲ್ಲಿಯವರೆಗೂ ಅವಳು ಬರೆಯುತ್ತ ಬಂದದ್ದು ಆ ಸಾಲನ್ನೇ. ಅಂಗಡಿಯ ಬಿಲ್ ಅಳಿಸಿದರೆ ಬಿಲ್ಲಿನೊಳಗಿನ ಸಾಮಾನೂ ಅಳಿಯಲಿ, ಅದರಲ್ಲಿ ಯೋಚಿಸುವುದೇನಿದೆ?

ಬೆಳಗಿನ ಓದಿನಲ್ಲಿ ಅವಳು ಗಟ್ಟಿಯಾಗಿಯೇ ಓದಿದಳು. "ವ್ಯಕ್ತಿ ಅಳಿದರೆ ಜೊತೆಗಿನದೂ ಅಳಿಯಲಿ." ದಿನಾ ಕೇಳುವ ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟಿನ ಹಾಗೆ ಆ ಸಾಲು ಎಲ್ಲರ ಕಿವಿಯ ಪಕ್ಕದಿಂದ ಹಾದುಹೋಯಿತು. ಶಹನಾಜರೂ ತಲೆಯಾಡಿಸಿದರು. ಯಾರೂ ಕೈ ಎತ್ತಲಿಲ್ಲ. ಸಂಜೆ ನೌಕರರ ಮನೆಯವರ ಮಣಿಗಳ ಮೇಲೆ ಅದು ಓಡಿತು. ಮರುದಿನ ಮಧ್ಯಾಹ್ನ ಊರಿಗೆಲ್ಲ ಓಡಬೇಕಿತ್ತು.

ಮರುದಿನ ಬೆಳಿಗ್ಗೆ, ಊರಿಗೆ ಓಡಿಸುವ ಸಿದ್ಧತೆಗೆಂದು, ಅತ್ತೆ ಏಳುವ ಮುಂಚೆಯೇ ನೀಲಾ ಕೆಲಸಕ್ಕೆ ಬಂದಿದ್ದಳು. ಸ್ವಲ್ಪ ಹೊತ್ತಿಗೆ ಸಹೋದ್ಯೋಗಿ ವಿರೂಪಾಕ್ಷ ಒಳಗೆ ಬಂದ. ದಿನಾ ಬಾಗಿಲಿನಿಂದಲೇ ಗಲಾಟೆ ಮಾಡಿಕೊಂಡು ಬರುವವ ಅಂದು ಸುಮ್ಮನೆ ಬಂದು ಕುರ್ಚಿಯಲ್ಲಿ ಕುಸಿದ.

"ಏನಾತೋ?" ಎಂದರು ಶಹನಾಜ್.

"ನಮ್ಮಪ್ಪ ದಿನಾ ಮುಂಜಾನೆ ನಮ್ಮವ್ವನ ಫೋಟೋದ ಮುಂದ ಚಹಾ ಹಿಡಕೊಂಡು ಕುಂದರತಿದ್ದ್ರಿ ಮೇಡಂ. ಮಣಿ ಹೇಳತಿತ್ತು, ಅವರು ಅಕಿ ಜೋಡಿ ಮಾತಾಡತಿದ್ರು. ಇವತ್ತು ಫೋಟೋ ನೋಡಿದ್ರು. 'ಯಾರದೋ ಈ ಹೆಣ್ಮಗಳ ಫೋಟೋ? ಮಾಲಿ ಯಾಕ ಹಾಕೀರಿ?' ಅಂದ್ರು." ಅವನು ಅಂಗೈಯಿಂದ ಮುಖ ಒರೆಸಿಕೊಂಡ. ಆಮೇಲೆ, "ಚಹಾ ಆರಿ ಹೋತ್ರಿ," ಎಂದ.

ಶಹನಾಜ್ ಎದ್ದು ಹೋಗಿ, ಮಧ್ಯಾಹ್ನ ಊರಿಗೆ ಓಡಬೇಕಿದ್ದುದನ್ನು ಮೊದಲು ನಿಲ್ಲಿಸಿದರು. ಆಮೇಲೆ ಹಿಂದಿನ ದಿನದ ಮೈಗ್ರೇಷನ್ ತೆರೆದರು. ಕನ್ನಡಕ ಹಣೆಗೇರಿತು, ಇಳಿಯಿತು. ಒಂದು ಸಾಲಿನ ಮೇಲೆ ಅವರ ಬೆರಳು ನಿಂತಿತು.

ನೀಲಾ ಆ ಸಾಲನ್ನು ನೋಡಿದಳು. ತಾನೇ ಬರೆದದ್ದು, ತಾನೇ ಓದಿದ್ದು. ವಿರೂಪಾಕ್ಷನ ಅವ್ವ ತೀರಿಕೊಂಡು ವರ್ಷವಾಗಿತ್ತು. ಆಕೆಯ ಗೂಟ ಕಿತ್ತರು, ಗಂಡನ ಮಣಿಯಲ್ಲಿದ್ದ ಆಕೆಯ ನೆನಪೆಲ್ಲ ಅದರ ಜೊತೆ ಹೋಯಿತು. ಹಾಗಾದರೆ ಮಾಮಾ ಸಹ ತೀರಿಕೊಂಡು ವರ್ಷವಾಗಿದೆ. ಹಾಗಾದರೆ ಅತ್ತೆ...

ಅವಳು ಅಲ್ಲಿಂದಲೇ ಮನೆಗೆ ಫೋನ್ ಮಾಡಿದಳು.

"ಅತ್ತಿ ಏನ್ ಮಾಡಾಕತ್ತಾಳಬೇ?"

"ಮಾಳಿಗಿ ಮ್ಯಾಲ ಕುಂತಾಳವಾ," ಎಂದಳು ಅವ್ವ. "ಇವತ್ತು ಯಾಕೋ ಮಾತಿಲ್ಲ ಕತಿಯಿಲ್ಲ. ಸುಮ್ಮಕ ಕುಂತುಬಿಟ್ಟಾಳ."

ನೀಲಾ ಶಹನಾಜರ ಮುಖ ನೋಡಿದಳು. ಬೈಗುಳ ಬರಬಹುದೆಂದು ಕಾದಳು, ಬೈದಿದ್ದರೆ ಹಗುರಾಗುತ್ತಿತ್ತೇನೋ. ಶಹನಾಜ್, "ನೀ ಓದಿದಿ, ನಾವೆಲ್ಲಾರೂ ಕೇಳಿದ್ವಿ. ಎಲ್ಲಾರದೂ ಪಾಲೈತಿ ಇದರಾಗ. ಮೊದಲು ಮನಿಗೆ ಹೋಗಿ ನಿಮ್ಮತ್ತಿನ ನೋಡು. ಇಲ್ಲಿ ನಾ ಅದೀನಿ," ಎಂದರು.

ಮನೆಯವರೆಗಿನ ದಾರಿಯಲ್ಲಿ ನೀಲಾಗೆ ಅಳು ಬರಲಿಲ್ಲ, ಭಯವೇ ಅಷ್ಟಿತ್ತು. ಮಾಮಾ ಸತ್ತ ದಿನ ಅತ್ತೆಯನ್ನು ಅಪ್ಪಿ ಹಿಡಿದದ್ದು ಅವಳೇ. ಈಗ ಅದೇ ಕೈಯಿಂದ ಮಾಮಾನನ್ನು ಎರಡನೆಯ ಸಲ ಕೊಂದೆನಲ್ಲ ಎಂದು ಅವಳಿಗೆ ಅನ್ನಿಸಿತು. ಮಾಳಿಗೆಯ ಮೆಟ್ಟಿಲನ್ನು ಓಡುತ್ತಲೇ ಹತ್ತಿದಳು.

ಪಾರವ್ವ ಗುಡ್ಡದ ಕಡೆ ಮುಖ ಮಾಡಿ ಕೂತಿದ್ದಳು.

"ಅತ್ತಿ," ಎಂದಳು ನೀಲಾ. ಹತ್ತಿರ ಹೋದಳು. ಕೊನೆಗೆ ಕೇಳಿಯೇಬಿಟ್ಟಳು: "ಎಲ್ಲಿ ಹೋಗ್ಯಾರ ಅವರು?"

ಪಾರವ್ವ ತಿರುಗಿ ಸಿಡುಕಿದಳು. "ಮೆಲ್ಲಕ ಮಾತಾಡಬೇ. ಅಗಾ ನೋಡು, ಆ ತುದೀ ಕಂಬ ನಿಂತೈತಿ. ಅವರು ಮ್ಯಾಲ ಅದಾರ. ನಾ ರೆಕ್ಕಿ ಮ್ಯಾಲಿನ ಕಣ್ಣು ತಗದ್ರ ತಪ್ಪಿ ಹೋಗತೈತಿ. ಹಿಟ್ಟು ನಾದಬೇಕಲ್ಲ ಇನ್ನಾ."

ನೀಲಾ ಅಲ್ಲೇ ಬಿಸಿಲಿನಲ್ಲಿ ಕೂತುಬಿಟ್ಟಳು. ನಗುವೂ ಅಳುವೂ ಒಟ್ಟಿಗೇ ಬಂದವು. ಪಾರವ್ವನಿಗೆ ಇದ್ಯಾವ ಹುಡುಗಿ, ಯಾಕೆ ಅಳುತ್ತಿದ್ದಾಳೆ ಎಂದು ತಿಳಿಯದಿದ್ದರೂ ಸೆರಗಿನಿಂದ ಅವಳ ಕಣ್ಣು ಒರೆಸಿ, ಮತ್ತೆ ಗುಡ್ಡದ ಕಡೆ ತಿರುಗಿದಳು.

ಸಮಾಧಾನವಾಯಿತು, ಆದರೆ ತಲೆ ಕೆಟ್ಟಿತು. ಇದು ಹೇಗೆ ಉಳಿಯಿತು?

ಕೇಂದ್ರಕ್ಕೆ ಮರಳಿದಾಗ ಶಹನಾಜ್ ಕೆಲಸದಲ್ಲಿ ಮುಳುಗಿದ್ದರು. ಆ ಹೊತ್ತಿನಲ್ಲಿ ಅವರನ್ನು ನೋಡಬೇಕಿತ್ತು. ಹಜಾರದಲ್ಲಿ ಎಲ್ಲರೂ ಅತ್ತಿಂದಿತ್ತ ಓಡಾಡುತ್ತಿದ್ದರು, ಅವರ ಕೈಗೆ ಮಾತ್ರ ಗಡಿಬಿಡಿಯಿಲ್ಲ. ಹಳೆಯ ಬ್ಯಾಕಪ್ಪನ್ನು ಹಾಗೆಯೇ ತಂದು ಮೇಲೆ ಸುರಿಯಬಹುದಿತ್ತು. ಡಾಕ್ಟರ್ ಮುಳಗುಂದರು ಅದನ್ನೇ ಮಾಡಿ ಎಂದು ಒತ್ತಾಯಿಸುತ್ತಿದ್ದರು.

"ಹಂಗ ಮಾಡಿದ್ರ ಬ್ಯಾಕಪ್ ಆದಮ್ಯಾಲೆ ಹೇಳಿದ ನೆನಪೆಲ್ಲಾ ಹೋಗತಾವ್ರಿ," ಎಂದರು ಶಹನಾಜ್, ಪರದೆಯಿಂದ ಕಣ್ಣು ಕೀಳದೆ. "ಇವತ್ತ ಮುಂಜಾನೆ ಯಾವದೋ ಅಜ್ಜಿ ಮೊಮ್ಮಗನ ಹೆಸರು ಹೇಳಿರತಾಳ. ನಾಳೆ ಅಕಿಗೆ ಅದು ನೆನಪಿರಂಗಿಲ್ಲ. ಅಕಿದ ಒಂದು ಮಾತು ಹೋದ್ರೂ ಹೋದಂಗ."

ಅವರು ಬೇರೆ ದಾರಿ ಹಿಡಿದಿದ್ದರು. ಒಳ್ಳೆಯ ಡೇಟಾಬೇಸ್ ಯಾವ ಬದಲಾವಣೆ ಮಾಡುವ ಮುಂಚೆಯೂ 'ನಾನು ಇಂಥದ್ದು ಮಾಡುತ್ತೇನೆ' ಎಂದು ಮೊದಲು ಬರೆದಿಟ್ಟು, ಆಮೇಲೆ ಮಾಡುತ್ತದೆ. ಶಹನಾಜ್ ಬ್ಯಾಕಪ್ಪನ್ನು ಬೇರೊಂದು ಯಂತ್ರದಲ್ಲಿ ಎಬ್ಬಿಸಿ, ಆ ಬರವಣಿಗೆಯನ್ನು ಅದರ ಮೇಲೆ ಒಂದೊಂದಾಗಿ ಓಡಿಸಿ, ಅಳಿಕೆ ಶುರುವಾಗುವ ಕ್ಷಣಕ್ಕೆ ಸರಿಯಾಗಿ ನಿಲ್ಲಿಸಿದರು. ಅಲ್ಲಿ ಎಲ್ಲವೂ ಹಾಗೇ ಇತ್ತು. ವಿರೂಪಾಕ್ಷನ ಅವ್ವ ಅಲ್ಲಿ ಇನ್ನೂ ನೆನಪಿನಲ್ಲಿದ್ದಳು. ಹೋದ ಸಾಲುಗಳನ್ನಷ್ಟೇ ಆ ಯಂತ್ರದಿಂದ ಎತ್ತಿ, ಇಲ್ಲಿನ ಒಂದು ಅಕ್ಷರಕ್ಕೂ ಧಕ್ಕೆಯಾಗದಂತೆ ಮತ್ತೆ ಕೂರಿಸಿದರು. ಅದೂ ಒಂದೇ ಗಂಟಿನಲ್ಲಿ: ಕೂತರೆ ಎಲ್ಲವೂ ಕೂರಬೇಕು, ನಡುವೆ ಎಡವಿದರೆ ಒಂದೂ ಕೂರಬಾರದು. ಅರ್ಧ ನೆನಪು ಮರಳಿಸುವುದು ಅವರಿಗೆ ಒಪ್ಪಿಗೆಯಿರಲಿಲ್ಲ.

ಎಂಥ ಹೆಂಗಸು ಈಕೆ ಎಂದು ನೀಲಾ ಮನಸ್ಸಿನಲ್ಲೇ ಕೈ ಮುಗಿದಳು.

ಸಂಜೆಗೆ ಮುಂಚೆ ವಿರೂಪಾಕ್ಷನಿಗೆ ಮನೆಯಿಂದ ಫೋನ್ ಬಂತು. ಅವನು ಕೇಳಿಸಿಕೊಂಡು, ನೆಲದ ಮೇಲೆ ಕೂತು, ಕಣ್ಣೀರಿನಲ್ಲೇ ನಕ್ಕ. "ಚಹಾ ಇನ್ನೊಮ್ಮೆ ಮಾಡಿಸ್ಕೊಂಡಾರಂತ್ರಿ. 'ಇಷ್ಟೊತ್ತು ಎಲ್ಲಿ ಹೋಗಿದ್ದಿ' ಅಂತ ಫೋಟೋಕ್ಕ ಬೈಯಾಕತ್ತಾರಂತ!"

ಎಲ್ಲರ ಚಹಾ ಮುಗಿದ ಮೇಲೆ ನೀಲಾ ತನ್ನ ಒಗಟನ್ನು ಶಹನಾಜರ ಮುಂದಿಟ್ಟಳು. "ನಮ್ಮತ್ತಿ ಮಣಿಯಿಂದ ಏನೂ ಹೋಗಿಲ್ರಿ ಮೇಡಂ. ಮಾಮಾನ ದಾಖಲೆ ಹೋಗಿತ್ತು. ಆದ್ರ ನೆನಪು ಒಂದೂ ಹೋಗಿರಲಿಲ್ಲ."

ಇಬ್ಬರೂ ಪಾರವ್ವನ ಸಾಲುಗಳನ್ನು ತೆರೆದರು. ಮತ್ತೆ ಕೂರಿಸಿದ ಫಕೀರಪ್ಪನ ಗೂಟ ಬೋಳಾಗಿತ್ತು. ಅದಕ್ಕೆ ಪಾರವ್ವ ಒಂದೇ ಒಂದು ನೆನಪನ್ನೂ ಕಟ್ಟಿರಲಿಲ್ಲ. ಗಾಳಿಕಂಬ, ರೊಟ್ಟಿ, ಮೊದಲ ದೀಪಾವಳಿಗೆ ತಂದ ಇಳಕಲ್ ಸೀರೆ, ಜಗಳವಾಡಿ ಮೂರು ದಿನ ಮಾತು ಬಿಟ್ಟಿದ್ದು, ಎಲ್ಲವೂ ಇದ್ದವು; ಎಲ್ಲದರಲ್ಲೂ 'ಅವರು', 'ಇವರು', 'ನಮ್ಮ ಮನಿಯವರು'. ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ.

ನೀಲಾಗೆ ಥಟ್ಟನೆ ಹೊಳೆಯಿತು. ಮಣಿಗೆ ಮಾತು ತುಂಬಿಸುವಾಗ ಅವಳು ಎಷ್ಟು ಕಾಡಿದ್ದಳು, "ಹೆಸರು ಹೇಳತ್ತಿ, ಮಣಿಗೆ ತಿಳಿಯಂಗಿಲ್ಲ" ಎಂದು. ಪಾರವ್ವ ಬಾಯಿಗೆ ಸೆರಗು ಒತ್ತಿಕೊಂಡು, "ಥೂ ಹೋಗ. ಗಂಡನ ಹೆಸರ ಹೇಳಿದ್ರ ಆಯುಷ್ಯ ಕಡಿಮಿ ಆಗತೈತಿ" ಎಂದಿದ್ದಳು.

"ಆದ್ರ ಈ ನೆನಪೆಲ್ಲಾ ಯಾವ ಗೂಟಕ್ಕ ಅದಾವ್ರಿ?" ಎಂದಳು ನೀಲಾ. "ಗೂಟ ಇಲ್ಲದ ದನಾನ ಟೇಬಲ್ ಒಳಗ ಬಿಟ್ಕೊಳ್ಳಂಗಿಲ್ಲಲ್ಲ."

ಶಹನಾಜ್ ಕೊಂಡಿಯ ತುದಿಯನ್ನು ತೋರಿಸಿದರು. ಎಲ್ಲವೂ ಪಾರವ್ವನ ಗೂಟಕ್ಕೇ ಕಟ್ಟಿದ್ದವು.

ಆಮೇಲೆ ಅವರು ಬಹಳ ಹೊತ್ತು ನಕ್ಕರು. ಹಳೆಯ ಕೋಡಿನೊಳಗೆ ಹುಡುಕಿ ಒಂದು ಮೂಲೆ ತೆರೆದರು. 'ಹೆಸರು ಸಿಗದಿದ್ದರೆ ಹೇಳಿದವರಿಗೇ ಕಟ್ಟು' ಎಂದಿತ್ತು. ಪಕ್ಕದಲ್ಲಿ ಬರೆದವರ ಟಿಪ್ಪಣಿ: 'ಸದ್ಯಕ್ಕೆ.'

"ಇದು ನಾ ಬರದದ್ದು," ಎಂದರು ಶಹನಾಜ್. "ಮೊದಲನೇ ಮಣಿ ನಮ್ಮ ಅಮ್ಮೀಗೆ ಹಾಕಿದ್ವಿ. ಮೊದಲು ನಮ್ಮ ಮನಿ, ಹೌದಲ್ಲೊ? ಅಮ್ಮೀ ನಮ್ಮ ಅಬ್ಬಾನ ಬಗ್ಗೆ ಹೇಳಾಕ ಕುಂತ್ರ 'ಅವರು' ಬಿಟ್ಟು ಒಂದು ಅಕ್ಷರ ಮುಂದ ಹೋಗವಲ್ಲಳು. ಟೇಬಲ್ಲಿಗೆ ಗೂಟ ಬೇಕ ಬೇಕು. ಸಾಕಾಗಿ, ಅಕಿಗೇ ಕಟ್ಟಿ ಹಾಕು ಅಂತ ಬರದೆ. ಚಂದ ಮಾಡೋಣ ನಾಳೆ ಅಂದೆ. ಆ ನಾಳೆ ಇನ್ನಾ ಬಂದಿಲ್ಲ. ಯಾರರ ನೋಡಿದ್ರ ನಗತಾರಂತ ನಾಚಿಕಿ ಇತ್ತು ನಂಗ."

ನಗು ನಿಂತಿತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀಲಾ, ಅದೊಂದ ಸಾಲು ನೋಡು ನಾವು ಸರಿ ಬರದಿದ್ದು. ಉಳಿದದ್ದೆಲ್ಲಾ ತಪ್ಪು ಗೂಟಕ್ಕ ಕಟ್ಟೇವಿ. ನಿಮ್ಮ ಮಾಮಾನ ನೆನಪು ನಿಮ್ಮ ಮಾಮಾಂದಲ್ಲ. ನಿಮ್ಮತ್ತಿದು."

ಮರುದಿನ ಅದೇ ಮಾತನ್ನು ಅವರು ನಿರ್ದೇಶಕರ ಮುಂದೆ ಇನ್ನಷ್ಟು ಖಡಕ್ಕಾಗಿ ಹೇಳಿದರು. ಡಾಕ್ಟರ್ ಮುಳಗುಂದರು ಕಾನೂನಿನ ಚಿಂತೆಯಲ್ಲಿದ್ದರು. ಶಹನಾಜ್, "ಕಾನೂನು ಚಲೋ ಐತ್ರಿ. ಸತ್ತವರ ದಾಖಲೆ ಸತ್ತವರದು, ತಗದು ಹಾಕೋಣ. ನೆನಪು ಇದ್ದವರದು. ಅದನ್ನ ತಗಿಯಾಕ ಯಾವ ಕಾನೂನೂ ಹೇಳಿಲ್ಲ," ಎಂದರು. ಡಾಕ್ಟರರು ಕಾನೂನಿನ ಪ್ರತಿ ತರಿಸಿ, ಎರಡು ಸಲ ಓದಿ, "ಹೌದಲ್ರಿ," ಎಂದರು.

ನೀಲಾ ಹೊಸ ಮೈಗ್ರೇಷನ್ ಬರೆದಳು. ಈ ಸಲ ಒಂದೊಂದು ಸಾಲನ್ನೂ ಹೊಸದಾಗಿ ಕಲಿತವಳ ಹಾಗೆ ನಿಧಾನವಾಗಿ. ಪ್ರತಿ ನೆನಪೂ ಅದನ್ನು ನೆನೆಯುವವರ ಗೂಟಕ್ಕೆ. ಯಾರ ಬಗ್ಗೆಯೋ ಅವರ ಕಡೆಗೆ ಒಂದು ತೆಳುವಾದ ಎಳೆ. ಇದ್ದರೂ ಸೈ, ಖಾಲಿ ಇದ್ದರೂ ಸೈ. ಆ ವ್ಯಕ್ತಿಯ ದಾಖಲೆ ಹೋದರೆ ಎಳೆ ಕಳಚುತ್ತದೆ, ನೆನಪು ಇದ್ದಲ್ಲೇ ಇರುತ್ತದೆ. ಎಳೆ ಇಲ್ಲದ ಹಳೆಯ ನೆನಪುಗಳಿಗೆ, ಮನಸ್ಸಿದ್ದರೆ, ಹೇಳಿದವರೇ ಹೆಸರು ಸೇರಿಸಬಹುದು.

ಓದಿನ ದಿನ ಅವಳು ಕೊನೆಯ ಸಾಲು ಮುಗಿಸಿದಾಗ ಶಹನಾಜರು ಕೈ ಎತ್ತಿದರು. ಎಲ್ಲರೂ ಗಾಬರಿಯಾದರು.

"ಆ ಸಾಲು ಇನ್ನೊಮ್ಮೆ ಓದು," ಎಂದರು. "ತಪ್ಪೇನಿಲ್ಲ. ಕೇಳಾಕ ಚಂದ ಐತಿ."

ಪದ್ಧತಿ ಪದ್ಧತಿಯೇ. ಕೈ ಎತ್ತಿದ್ದರಿಂದ ಅವತ್ತು ಅದು ಓಡಲಿಲ್ಲ. ಮರುದಿನ ಮತ್ತೆ ಓದಿ, ಮೊದಲು ತಮ್ಮ ಮನೆಗಳಿಗೆ ಓಡಿಸಿದರು; ಸತ್ತವರ ದಾಖಲೆ ಅಳಿಸುವುದನ್ನು ಸಂಜೆಗೆ ಇಟ್ಟುಕೊಂಡರು.

ಆ ದಿನ ನೀಲಾ ಬೇಗ ಮನೆಗೆ ಬಂದಳು. ಫಕೀರಪ್ಪನ ದಾಖಲೆ ಸಂಜೆ ಹೋಗುವುದಿತ್ತು, ಈ ಸಲ ಸರಿಯಾಗಿ. ಅಷ್ಟರೊಳಗೆ ಅತ್ತೆಯ ಬಾಯಿಂದ ಆ ಹೆಸರನ್ನು ಒಂದು ಸಲವಾದರೂ ಕೇಳಬೇಕೆಂದು ಅವಳಿಗೆ ಬಲವಾದ ಆಸೆ. ಎಳೆ ಇರದಿದ್ದರೂ ನಡೆಯುತ್ತದೆ, ಅದು ಗೊತ್ತು. ಆದರೆ ಇಷ್ಟು ದಿನ ಹೆಸರು ಹೇಳಿದವರೆಲ್ಲ ಕಳೆದುಕೊಂಡು, ಹೇಳದವಳು ಉಳಿಸಿಕೊಂಡಿದ್ದಳು. ಇನ್ನು ಮೇಲೆ ಹೇಳಿದರೂ ಏನೂ ಆಗದಂಥ ಮನೆ ಕಟ್ಟಿದ್ದೇವೆ ಎಂದು ಅತ್ತೆಗೆ ತಿಳಿಸಲು ಬೇರೆ ದಾರಿ ಅವಳಿಗೆ ಕಾಣಲಿಲ್ಲ.

ಪಾರವ್ವ ಹಿತ್ತಲಿನಿಂದ ಒಳಗೆ ಬರುವುದರಲ್ಲಿದ್ದಳು. ನೀಲಾ ಓಡಿ ಹೋಗಿ ಬಾಗಿಲಿಗೆ ಕೈ ಅಡ್ಡ ಹಿಡಿದು ನಿಂತಳು, ಮದುವೆಯಲ್ಲಿ ಹೊಸ ಸೊಸೆ ಗಂಡನ ಹೆಸರನ್ನು ಪ್ರಾಸ ಕಟ್ಟಿ ಹೇಳುವ ತನಕ ಆಕೆಯನ್ನು ಹೊಸ್ತಿಲಲ್ಲಿ ತಡೆಯುವ ನಾದಿನಿಯರ ಹಾಗೆ.

"ಹಂಗ ಒಳಗ ಬಿಡಂಗಿಲ್ಲ. ಹೆಸರು ಹೇಳು. ಒಡಪು ಹಾಕಿ ಒಳಗ ಬಾ."

ಪಾರವ್ವ ಅಡ್ಡ ಚಾಚಿದ ಕೈಯನ್ನು ನೋಡಿದಳು. ಈ ಹುಡುಗಿ ಯಾರೆಂದು ತಿಳಿಯದ ಕಣ್ಣು ಆ ಕೈಯನ್ನು ಗುರುತಿಸಿತು. ಸೆರಗು ತಲೆಗೇರಿತು. ಕತ್ತು ಬಾಗಿತು. ಎಷ್ಟೋ ವರ್ಷಗಳ ಹಿಂದೆ, ತುಂಬಿದ ಮನೆಯ ಮುಂದೆ ಒಂದೇ ಒಂದು ಸಲ ಹೇಳಿದ್ದನ್ನು ಆಕೆ ತಡವರಿಸದೆ ಹೇಳಿದಳು. ಮಣಿಯ ಸಹಾಯವಿಲ್ಲದೆ ಹೇಳಿದಳು.

"ಗುಡ್ಡದ ಗಾಳಿಗೆ ಹಾರತೈತಿ ಇಳಕಲ್ ಸೀರಿ ಸೆರಗ,
ಎತ್ತರದ ಕಂಬದಾಗ ಐತಿ ನನ್ನ ಕಣ್ಣಿನ ಬೆರಗ,
ಫಕೀರಪ್ಪನವರ ಹೆಸರ ಹೇಳತೀನಿ, ಬಿಡ್ರವಾ ನನ್ನ ಒಳಗ."

ನೀಲಾ ಕೈ ತೆಗೆದು ದಾರಿ ಬಿಟ್ಟಳು. ಅವಳಿಗೆ ಕಣ್ಣು ಮಂಜಾಗಿ ಅತ್ತೆ ಒಳಗೆ ಹೋದದ್ದು ಸರಿಯಾಗಿ ಕಾಣಲಿಲ್ಲ. ಮಣಿ ಎಲ್ಲವನ್ನೂ ಕೇಳಿಸಿಕೊಂಡಿತ್ತು.

ಸಂಜೆ ಫಕೀರಪ್ಪನ ದಾಖಲೆ ಹೋಯಿತು. ಎಳೆ ಕಳಚಿತು.

ಬೆಳಿಗ್ಗೆ ನೀಲಾ ಅತ್ತೆಗಿಂತ ಮುಂಚೆ ಮಾಳಿಗೆಯಲ್ಲಿದ್ದಳು. ಪಾರವ್ವ ಹತ್ತಿ ಬಂದಳು. ಗುಡ್ಡ ತಿಳಿಯಾಗಿ ಕಾಣುತ್ತಿತ್ತು. "ಎಲ್ಲಿ ಹೋದ್ರವಾ ಅವರು?" ಎಂದಳು ಗಾಬರಿಯಿಂದ. ಮಣಿ ಏನನ್ನೋ ಉಸುರಿತು. ಪಾರವ್ವ ತಲೆ ವಾರೆ ಮಾಡಿ ಕೇಳಿಸಿಕೊಂಡಳು. ಇದ್ದಕ್ಕಿದ್ದ ಹಾಗೆ ಸೆರಗು ಬಾಯಿಗೊತ್ತಿಕೊಂಡು, ಯಾರಾದರೂ ಇದ್ದಾರೇನೋ ಎಂದು ಸುತ್ತಲೂ ನೋಡಿದಳು. ಆ ಮುದಿ ಮುಖ ಕೆಂಪೇರಿತ್ತು.

"ಯಾರಬೇ ಇಕಿ, ನನ್ನ ಕಿವ್ಯಾಗ ಅವರ ಹೆಸರು ಹಿಡದು ಒಡಪು ಹಾಕಾಕತ್ತಾಳಲ್ಲ!" ಎಂದಳು ಪಿಸುಗುಟ್ಟಿ. ಆಮೇಲೆ ದೂರದ ಗುಡ್ಡದಲ್ಲಿ ಕಣ್ಣಾಡಿಸಿ, ನಿಂತ ಕಂಬವೊಂದನ್ನು ಹುಡುಕಿ, ಇನ್ನೂ ಮೆಲ್ಲಗೆ ಕೇಳಿದಳು: "ಅವರಿಗೆ ಕೇಳಿಸಿಲ್ಲ ಹೌದಲ್ಲೊ?"

ನೀಲಾ ಗುಡ್ಡದ ಕಡೆ ನೋಡಿದಳು. ಉಳಿದ ರೆಕ್ಕೆಗಳೆಲ್ಲ ಭರದಿಂದ ತಿರುಗುತ್ತಿದ್ದವು.

"ಇಲ್ಲತ್ತಿ," ಎಂದಳು. "ಮ್ಯಾಲ ಗಾಳಿ ಭಾಳ ಐತಿ."